ಬಣ್ಣದಕ್ಕನ ಅಂಕಿ

ಹೆದರುವುದಕ್ಕೆ ಸಂಬಳ ಕೊಡುವ ಕೆಲಸ ಒಂದಿದ್ದರೆ ಅದು ಬಣ್ಣದಕ್ಕನಿಗೇ ಸಿಗಬೇಕಿತ್ತು. ಸಿಕ್ಕಿತು ಕೂಡ. ರಸ್ತೆ ಅಗೆಯುವವರು ಬರುವ ಮೊದಲೇ ಆಕೆ ಬರುತ್ತಾಳೆ. ನೆಲದೊಳಗೆ ಎಲ್ಲಿ ಏನು ಮಲಗಿದೆ ಎಂದು ಅಲ್ಲಲ್ಲಿ ಸಣ್ಣ ಗುಂಡಿ ತೋಡಿಸಿ, ಟೇಪು ಹಿಡಿದು ನೋಡಿ, ಮೇಲೆ ಬಣ್ಣದ ಗೆರೆ ಎಳೆಯುತ್ತಾಳೆ. ನೀರಿನ ಪೈಪಿಗೆ ನೀಲಿ, ಕರೆಂಟಿನ ಕೇಬಲ್ಲಿಗೆ ಕೆಂಪು, ಗ್ಯಾಸ್ ಪೈಪಿಗೆ ಹಳದಿ. ಗೆರೆಯ ಪಕ್ಕದಲ್ಲಿ ಒಂದು ಅಂಕಿ. ರಸ್ತೆಯ ಮೈಯಿಂದ ಎಷ್ಟು ಸೆಂಟಿಮೀಟರ್ ಕೆಳಗೆ ಆ ಪೈಪಿದೆ ಎಂಬ ಅಂಕಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಆಕೆಯ ಉಗುರಿನ ಸಂದಿಯ ಹಳದಿ ಬಣ್ಣ ಯಾವ ಸೋಪಿಗೂ ಜಗ್ಗಿಲ್ಲ.

ಹೆದರಿಕೆ ಮಾತ್ರ ಕೆಲಸದ ಜೊತೆಗೆ ಬಂದದ್ದಲ್ಲ, ಹುಟ್ಟಿನಿಂದಲೇ ಇದ್ದದ್ದು. ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸ್ ಬಂದು ನೋಡುತ್ತಾಳೆ. ನೋಡಿದ್ದು ಸರಿಯೋ ಎಂದು ಇನ್ನೊಮ್ಮೆ ಬರುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತುವ ಮೊದಲೇ ಯಾರಿಗೋ ಏನೋ ಆಗಿಹೋಗಿದೆ ಎಂದು ಅರ್ಧ ಅತ್ತಿರುತ್ತಾಳೆ. ಕೆಲಸದವರು ಎದುರಿಗೆ 'ಬಣ್ಣದಕ್ಕ' ಅನ್ನುತ್ತಾರೆ, ಬೆನ್ನ ಹಿಂದೆ 'ಪುಕ್ಕಲಕ್ಕ' ಅನ್ನುತ್ತಾರೆ. ಬೆನ್ನ ಹಿಂದೆ ಅನ್ನುವುದೂ ಆಕೆಗೆ ಕೇಳಿಸುತ್ತದೆ. ನೆಲದೊಳಗಿನ ನೀರಿನ ಸದ್ದು ಕೇಳಿಸಿಕೊಳ್ಳುವ ಕಿವಿ ಅದು.

ಆದರೆ ಒಂದು ವಿಷಯದಲ್ಲಿ ಮಾತ್ರ ಆಕೆಗೆ ಎಳ್ಳಷ್ಟೂ ಹೆದರಿಕೆ ಇರಲಿಲ್ಲ. ಅದು ಆಕೆ ಬರೆದ ಅಂಕಿ. ಬರೆದ ಮೇಲೆ ಮುಗಿಯಿತು. ಯಾರಾದರೂ ಅನುಮಾನದಿಂದ ಇನ್ನೊಂದು ಸಲ ಟೇಪು ಇಳಿಬಿಟ್ಟರೆ ಮುಖ ಗಂಟು ಹಾಕಿಕೊಂಡು ದೂರ ನಿಲ್ಲುತ್ತಿದ್ದಳು, ಟೇಪು ಆಕೆ ಹೇಳಿದ್ದನ್ನೇ ಹೇಳಿದ ಮೇಲೆ ಏನೂ ಆಡದೆ ಹೊರಟುಬಿಡುತ್ತಿದ್ದಳು. ಹಾಗೆ ಒಂದೂ ಮಾತಾಡದೆ ಹೋಗುವುದು ಬೈಯುವುದಕ್ಕಿಂತ ಕೆಟ್ಟದು ಎಂದು ಅನುಭವಿಸಿದವರು ಹೇಳುತ್ತಾರೆ.

ಆಕೆಯ ಜೊತೆಗೆ ಆಕೆಯ ತಮ್ಮನ ವಿಷಯವನ್ನೂ ಹೇಳಬೇಕು. ಅಮ್ಮ ತೀರಿಕೊಂಡಾಗ ಅವನಿಗೆ ಆರು, ಆಕೆಗೆ ಹದಿನೇಳು. ಅವನ ಹಲ್ಲು ಬಿದ್ದದ್ದು, ಜ್ವರ ಬಂದದ್ದು, ಮದುವೆಯಾದದ್ದು ಎಲ್ಲಾ ಆಕೆಯ ಕೈಯಲ್ಲೇ. ಈಗ ಅವನು ನಲವತ್ತೆರಡು ವರ್ಷದ, ಬೋಳುತಲೆಯ, ಒಳ್ಳೇ ಮನಸ್ಸಿನ ಗಂಡಸು. ಹೆಂಡತಿಯೊಂದಿಗೆ ಮೇಲಿನ ಮನೆಯಲ್ಲಿದ್ದಾನೆ, ಆಕೆ ಕೆಳಗಿನ ಮನೆಯಲ್ಲಿ. ಮೇಲೆ ಸ್ಟೂಲು ಎಳೆದ ಸದ್ದಾದರೂ ಕೆಳಗಿನಿಂದ "ಏನಾಯ್ತೋ?" ಎಂಬ ಪ್ರಶ್ನೆ ಹೋಗುತ್ತದೆ. ಅವನು ರಸ್ತೆಯ ಕಂಪನಿಯಲ್ಲೇ ಮೆಷಿನ್ ಓಡಿಸುತ್ತಾನೆ. ಈ ಸಲ ಅವನಿಗೆ ಕೊಟ್ಟಿದ್ದದ್ದು ಹೊಸ ಮೆಷಿನ್. ಮನೆಯಷ್ಟು ದೊಡ್ಡದು, ಹೊಟ್ಟೆಯ ಕೆಳಗೆ ಇನ್ನೂರು ಉಕ್ಕಿನ ಹಲ್ಲುಗಳ ಉರುಳೆ.

ಊರಿನ ಮಧ್ಯದ ಆ ದೊಡ್ಡ ರಸ್ತೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಹಾಳಾಯಿತು ಎಂದಾಗಲೆಲ್ಲ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬಳಿದು ಬಳಿದು ರಸ್ತೆ ಏರುತ್ತಾ ಹೋಯಿತು, ಅಂಗಡಿಗಳು ಹಳ್ಳಕ್ಕೆ ಬಿದ್ದವು. ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ನೀರಿಗೂ ಅದೇ ದಾರಿ. ಕೊನೆಗೆ ಯಾರೋ ಬುದ್ಧಿವಂತರು, ಹೊಸ ಜಲ್ಲಿ ತಂದು ಸುರಿಯುವುದು ಬೇಡ, ಇರುವ ರಸ್ತೆಯನ್ನೇ ಅರೆದು ಅದರಿಂದಲೇ ಹೊಸ ರಸ್ತೆ ಮಾಡೋಣ ಎಂದರು. ಮೊದಲು ಒಂದು ತಂಡ ಬಂದು ಮೇಲಿನ ಇಪ್ಪತ್ತು ಸೆಂಟಿಮೀಟರ್ ಕೆತ್ತಿ ಲಾರಿಯಲ್ಲಿ ಸಾಗಿಸಿತು. ಆಮೇಲೆ ಉಳಿದದ್ದರ ಮೇಲೆ ಸಿಮೆಂಟು ಹರಡಿ ತಮ್ಮನ ಮೆಷಿನ್ ಬಿಡುವುದು. ಅದು ಮೂವತ್ತೈದು ಸೆಂಟಿಮೀಟರ್ ಆಳಕ್ಕೆ ಹಲ್ಲೂರಿ, ಹಳೆಯ ರಸ್ತೆಯನ್ನು ಸಿಮೆಂಟು ನೀರಿನ ಜೊತೆ ಕಲಸಿ ಹಿಂದೆ ಉಗುಳುತ್ತಾ ಹೋಗುತ್ತದೆ. ಹಿಂದೆಯೇ ರೋಲರ್ ಒತ್ತುತ್ತದೆ. ಎರಡು ಗಂಟೆಯೊಳಗೆ ಒತ್ತಿ ಮುಗಿಸಬೇಕು, ತಡವಾದರೆ ಕಲಸಿದ್ದು ಅಲ್ಲೇ ಗಟ್ಟಿಯಾಗುತ್ತದೆ, ಮತ್ತೆ ಒಡೆಯಬೇಕು.

ಪೈಪುಗಳ ವಿಷಯಕ್ಕೆ ಮೇಸ್ತ್ರಿಯ ಲೆಕ್ಕ ಸರಳ. ಹಲ್ಲು ಹೋಗುವುದು ಮೂವತ್ತೈದು. ಬಣ್ಣದಕ್ಕನ ಅಂಕಿ ನಲವತ್ತೈದಕ್ಕಿಂತ ಹೆಚ್ಚಿದ್ದರೆ ಮೆಷಿನ್ ಬಿಡು, ಕಡಿಮೆಯಿದ್ದರೆ ನಿಲ್ಲಿಸಿ ಕೈಯಲ್ಲಿ ಅಗೆ. ಕೆತ್ತುವವರು ಬಂದರೆ ರಸ್ತೆಯ ಮೇಲಿನ ಬಣ್ಣ ಹೋಗುತ್ತದೆ ಎಂದು ಆಕೆ ಎರಡು ತಿಂಗಳ ಹಿಂದೆಯೇ ಎಲ್ಲಾ ಅಂಕಿಗಳನ್ನೂ ಫುಟ್‌ಪಾತಿನ ಅಂಚುಕಲ್ಲಿನ ಮೇಲೆ, ಅದಿಲ್ಲದ ಕಡೆ ಕಾಂಪೌಂಡ್ ಗೋಡೆಯ ಮೇಲೆ ಬರೆದಿದ್ದಳು. ಬರೆದು ಮುಗಿಸಿ ಬೇರೆ ಬಡಾವಣೆಯ ಕೆಲಸಕ್ಕೆ ಹೋದಳು. ಆ ಬೇಸರದ ಬಡಾವಣೆಯಲ್ಲಿ ಆರು ವಾರ ಕಳೆದಳು.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಕೆ ಹಳದಿ ಡಬ್ಬಿ ಹಿಡಿದು ವಾಪಸ್ ಬಂದಳು. ಹಿಂದಿನ ದಿನ ಮುಗಿಸಿದ ತುಂಡಿನ ಗುರುತುಗಳನ್ನು ಹೊಸ ರಸ್ತೆಯ ಮೇಲೆ ಮತ್ತೆ ಎಳೆಯಬೇಕಿತ್ತು. ರಸ್ತೆ ನುಣ್ಣಗೆ, ಬೂದು ಬಣ್ಣದಲ್ಲಿ, ಚೆನ್ನಾಗಿಯೇ ಇತ್ತು. ಕ್ಷೌರದ ಅಂಗಡಿಯವನು ಬಾಗಿಲಲ್ಲಿ ನಿಂತು ಖುಷಿಯಲ್ಲಿದ್ದ.

"ನೋಡಕ್ಕ, ಎಷ್ಟು ವರ್ಷ ಆದ್ಮೇಲೆ ನನ್ನ ಅಂಗಡಿಗೆ ಜನ ಹತ್ಕೊಂಡು ಬರೋ ಹಾಗಾಯ್ತು. ಇಷ್ಟು ದಿನ ಎಲ್ರೂ ಮುಗ್ಗರಿಸ್ಕೊಂಡೇ ಒಳಗೆ ಬರ್ತಿದ್ರು. ಅರ್ಧ ಜನ ಕ್ಷೌರಕ್ಕೆ ಬಂದವರೇ ಅಲ್ಲ, ಬಿದ್ದವರು."

ಆಕೆ ನಕ್ಕಳು. ನಗುತ್ತಲೇ ತನ್ನ ಹಳೆಯ ಗುರುತು ಹುಡುಕಲು ಅಂಚುಕಲ್ಲಿನ ಕಡೆ ತಿರುಗಿದಳು. ಗುರುತು ಇತ್ತು. ಹಳದಿಯಲ್ಲಿ ಐವತ್ತೈದು. ಆದರೆ ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅದನ್ನು ಬರೆಯುವಾಗ ಆಕೆ ನೆಲಕ್ಕೆ ಕೂತಿದ್ದಳು. ಅಂಚುಕಲ್ಲು ರಸ್ತೆಯಿಂದ ನಾಲ್ಕು ಬೆರಳಷ್ಟೇ ಮೇಲಿತ್ತು, ಬ್ರಷ್ಷು ರಸ್ತೆಗೆ ತಾಗಿ ಡಾಂಬರಿನ ಪುಡಿ ಮೆತ್ತಿಕೊಂಡಿತ್ತು. ಈಗ ಅಂಕಿ ಮೀನಖಂಡದ ಎತ್ತರಕ್ಕೆ ಬಂದಿತ್ತು. ಅಂಕಿಯ ಕೆಳಗೆ, ಇಷ್ಟು ವರ್ಷ ಬೆಳಕೇ ಕಾಣದಿದ್ದ ಕಲ್ಲು ಒಂದು ಗೇಣು ಬರಿದಾಗಿ ನಿಂತಿತ್ತು.

ಬಣ್ಣದಕ್ಕ ಬಗ್ಗಿ ಅದರ ಮೇಲೆ ಗೇಣು ಹಾಕಿ ನೋಡಿದಳು. ಮನಸ್ಸು ತಾನಾಗಿಯೇ ಕಳೆಯುವ ಲೆಕ್ಕ ಮಾಡಿತು. ಐವತ್ತೈದರಲ್ಲಿ ಇಪ್ಪತ್ತು ಹೋದರೆ ಮೂವತ್ತೈದು. ತಮ್ಮನ ಹಲ್ಲು ಹೋಗುವುದೂ ಮೂವತ್ತೈದು.

ಇದು ಪೆದ್ದರು ಮಾಡುವ ತಪ್ಪಲ್ಲ, ಇಪ್ಪತ್ತಾರು ವರ್ಷ ಕೆಲಸ ಮಾಡಿದವರು ಮಾಡುವ ತಪ್ಪು. ಆಕೆ ಕಂಡ ರಸ್ತೆಗಳೆಲ್ಲ ಏರಿದ್ದವು. ಒಂದೂ ಇಳಿದಿರಲಿಲ್ಲ. ಹಳೆಯ ಅಂಕಿ ಎಂದರೆ ವರ್ಷ ಕಳೆದಂತೆ ಪೈಪು ಇನ್ನಷ್ಟು ಆಳವಾಗುವುದೇ ಹೊರತು ಮೇಲೆ ಬರುವ ಮಾತೇ ಇರಲಿಲ್ಲ. ರಸ್ತೆ ಕೆತ್ತುತ್ತಾರೆ ಎಂದು ಆಕೆಗೆ ಗೊತ್ತಿತ್ತು, ಮೇಸ್ತ್ರಿಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿತ್ತು. ತನ್ನ ಅಂಕಿ ಯಾವ ರಸ್ತೆಯ ಮೈಯಿಂದ ಅಳೆದದ್ದೋ ಆ ಮೈಯೇ ಈಗ ಲಾರಿಯಲ್ಲಿ ಹೋಗಿದೆ ಎಂಬುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ಅಲ್ಲದೆ ಮೆಷಿನ್ ಇಲ್ಲಿ ನಿನ್ನೆಯೇ ಹೋಗಿಯಾಗಿದೆ.

ಪೈಪು ಪೂರ್ತಿ ಕತ್ತರಿಸಿದ್ದರೆ ನಿನ್ನೆಯೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಆಕೆ ಹೆದರಿದ್ದು ಅದಕ್ಕಲ್ಲ. ಬರೀ ಒಂದು ಹಲ್ಲು ತಾಗಿ ಸಣ್ಣ ತೂತಾಗಿದ್ದರೆ? ಮೇಲೆ ರೋಲರ್ ಒತ್ತಿ ಗಟ್ಟಿ ಮಾಡಿದ ರಸ್ತೆ. ಗ್ಯಾಸು ಮೇಲೆ ಬರಲಾರದು. ಪಕ್ಕಕ್ಕೆ ಹರಿಯುತ್ತದೆ. ಮಣ್ಣಿನಲ್ಲಿ, ಹಳೆಯ ಚರಂಡಿಯ ಸಂದಿಯಲ್ಲಿ ತೆವಳಿಕೊಂಡು ಯಾವುದಾದರೂ ಗೋಡೆ ದಾಟಿ ತಗ್ಗಿನ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ಹಾಗೆ ಬಂದದ್ದಕ್ಕೆ ವಾಸನೆಯೂ ಉಳಿದಿರುವುದಿಲ್ಲ, ಮಣ್ಣು ಹೀರಿಕೊಂಡಿರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಯಾರೋ ಒಬ್ಬರು ಕಡ್ಡಿ ಗೀರುವ ತನಕ.

ಆಕೆ ಮೇಸ್ತ್ರಿಗೆ ಫೋನು ಮಾಡಿದಳು. ಮೆಷಿನ್ ನಿಲ್ಲಿಸಿ, ಗ್ಯಾಸ್ ನೋಡುವ ಪೆಟ್ಟಿಗೆ ತನ್ನಿ ಎಂದಷ್ಟೇ ಹೇಳಿದಳು. ಹತ್ತು ನಿಮಿಷದಲ್ಲಿ ಮೇಸ್ತ್ರಿ ಬಂದ, ಹಿಂದೆಯೇ ತಮ್ಮನೂ ಬಂದ. ಪೆಟ್ಟಿಗೆ ಇಟ್ಟಿಗೆಯಷ್ಟು ದೊಡ್ಡದು, ಗ್ಯಾಸ್ ಇದ್ದರೆ ಟಿಕ್ ಟಿಕ್ ಅನ್ನುತ್ತದೆ. ಆಕೆ ಅದನ್ನು ಹಿಡಿದು ಅಂಚುಕಲ್ಲಿನ ಬುಡ, ಚರಂಡಿಯ ಬಾಯಿ, ಕ್ಷೌರದ ಅಂಗಡಿಯ ಮೂಲೆ ಮೂಲೆ ನೋಡಿದಳು. ಕನ್ನಡಿಯ ಮುಂದೆ ಕೂತಿದ್ದ ಗಿರಾಕಿ ಅರ್ಧ ಗಡ್ಡದಲ್ಲಿ ಎದ್ದು ನಿಂತ. ಪೆಟ್ಟಿಗೆ ಒಂದು ಸಲವೂ ಸದ್ದು ಮಾಡಲಿಲ್ಲ.

"ಏನೂ ಇಲ್ವಲ್ಲಕ್ಕ," ಎಂದ ಮೇಸ್ತ್ರಿ. ಒಳ್ಳೆಯವನೇ, ಆದರೆ ಅಲ್ಲಿ ಸಿಮೆಂಟು ಹರಡಿ ಬಂದಿದ್ದ. "ಅಲ್ಲಿ ಐವತ್ತು ಮೀಟರ್ ಸಿಮೆಂಟು ಬಿಸಿಲಲ್ಲಿ ಒಣಗ್ತಿದೆ. ಒಂದು ಕೆಲಸ ಮಾಡಿ, ಪೆಟ್ಟಿಗೆನ ಅಕ್ಕನ ಎದೆ ಹತ್ರ ಹಿಡೀರಿ, ಅಲ್ಲಿ ಬೇಕಾದ್ರೆ ಟಿಕ್ ಟಿಕ್ ಕೇಳುತ್ತೆ."

ಕ್ಷೌರದವನು ನಕ್ಕ. ಅರ್ಧ ಗಡ್ಡದವನೂ ನಕ್ಕ. ಬಣ್ಣದಕ್ಕನಿಗೆ ಅವಮಾನವಾಗಲಿಲ್ಲ, ಸಮಾಧಾನವಾಯಿತು. ಹೆದರಿದ್ದು ಸುಳ್ಳಾದರೆ ಅದಕ್ಕಿಂತ ಸುಖ ಬೇರೆ ಯಾವುದಿದೆ? ಪೈಪು ಮೂವತ್ತಾರರಲ್ಲಿ ಇದ್ದಿರಬಹುದು, ಹಲ್ಲು ಕೂದಲೆಳೆಯಲ್ಲಿ ತಪ್ಪಿರಬಹುದು. ಹಾಗೆಂದುಕೊಳ್ಳುತ್ತಾ ಆಕೆ ತಮ್ಮನ ಮುಖ ನೋಡಿದಳು.

ಅವನು ನಗುತ್ತಿರಲಿಲ್ಲ. ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುವುತ್ತಿದ್ದ. ಆರು ವರ್ಷದವನಿದ್ದಾಗ ಸಕ್ಕರೆ ಡಬ್ಬಿ ಒಡೆದು ನಿಂತಾಗಲೂ ಹೀಗೆಯೇ ತಿರುವಿದ್ದ.

"ಏನೋ?" ಎಂದಳು ಮೆಲ್ಲಗೆ.

"ಇಲ್ಲಲ್ಲ ಅಕ್ಕ," ಎಂದ ಅವನು, ಬೇರೆಯವರಿಗೆ ಕೇಳದ ಹಾಗೆ. "ಇನ್ನೂ ಸ್ವಲ್ಪ ಮುಂದೆ. ನಿನ್ನೆ ನಾಲ್ಕು ಗಂಟೆಗೆ ಅಲ್ಲಿ ಮೆಷಿನ್ ನಡುಗ್ತು. ಲಾಂಡ್ರಿ ಮುಂದೆ."

ಆಕೆ ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡಳು. ಲಾಂಡ್ರಿಯ ಮುಂದೆ ರಸ್ತೆಯ ಅಡಿ ಒಂದು ಹಳೆಯ ಕಲ್ಲಿನ ಚರಂಡಿ ಅಡ್ಡ ಹೋಗುತ್ತದೆ, ಅದನ್ನು ದಾಟಲು ಪೈಪು ಅಲ್ಲಿ ಮೇಲೆದ್ದಿರಲೇಬೇಕು. ಎರಡು ಗುಂಡಿಗಳ ನಡುವಿನ ಜಾಗ ಅದು. ಆಕೆ ಅಲ್ಲಿ ಟೇಪು ಇಳಿಸಿರಲಿಲ್ಲ. ರಸ್ತೆ ಕೆಲಸಕ್ಕೆಂದು ಲಾಂಡ್ರಿ ಎರಡು ದಿನ ಮುಚ್ಚಿತ್ತು, ಇವತ್ತು ತೆರೆದಿದೆ. ಲಾಂಡ್ರಿಯ ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಇದೆ, ಅದನ್ನು ದಿನಾ ಹತ್ತು ಗಂಟೆಗೆ ಕಡ್ಡಿ ಗೀರಿ ಹಚ್ಚುತ್ತಾರೆ. ಕ್ಷೌರದ ಅಂಗಡಿಯ ಗಡಿಯಾರ ಹತ್ತಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಮೂವತ್ತು ಹೆಜ್ಜೆ ಓಡಬೇಕಿತ್ತು. ಐವತ್ತಮೂರು ವರ್ಷದ ಕಾಲುಗಳು ಓಡಿದವು. ಲಾಂಡ್ರಿಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ, ನೆಲಮಾಳಿಗೆಯ ಮೆಟ್ಟಿಲಿನಿಂದ ಬಲ್ಬಿನ ಬೆಳಕು ಬರುತ್ತಿತ್ತು. ಮೆಟ್ಟಿಲಿನ ಬಾಯಿಗೆ ಪೆಟ್ಟಿಗೆ ಹಿಡಿದಳು. ಟಿಕ್ ಎಂದಿತು. ಆಮೇಲೆ ಟಿಕ್ ಟಿಕ್.

ಆಕೆ ಹಿಂತಿರುಗಿ ತನ್ನ ಫೋನನ್ನು ಹಿಂದೆಯೇ ಓಡಿಬಂದಿದ್ದ ತಮ್ಮನ ಕೈಗೆ ತುರುಕಿದಳು. "ಇಲ್ಲಿ ಫೋನ್ ಮಾಡ್ಬೇಡ. ರಸ್ತೆ ಆ ಕಡೆಗೆ ಓಡಿಹೋಗಿ ಗ್ಯಾಸ್ ಕಂಪನಿಗೆ ಮಾಡು. ಒಬ್ಬರನ್ನೂ ಈ ಕಡೆ ಬಿಡ್ಬೇಡ. ಅಂಗಡಿಯವರನ್ನೆಲ್ಲ ಹೊರಗೆ ಕರ್ಕೊಂಡು ಹೋಗು."

"ನಾನು ಇಳೀತೀನಿ, ನೀನು ಹೋಗು."

"ಹೇಳಿದಷ್ಟು ಮಾಡು."

ಕಿಡಿ ಹಾರೀತೆಂದು ಮೊಳೆ ಹೊಡೆದ ಕೆಲಸದ ಬೂಟನ್ನು ಬಿಚ್ಚಿ ಬರಿಗಾಲಲ್ಲಿ ಇಳಿಯತೊಡಗಿದಳು. ಹೆದರಿಕೆ ಎಂದರೆ ಏನೆಂದು ತನಗೆ ಗೊತ್ತು ಎಂದು ಆಕೆ ಅಂದುಕೊಂಡಿದ್ದಳು. ಗೊತ್ತಿರಲಿಲ್ಲ. ಅದುವರೆಗಿನದೆಲ್ಲ ಬರೀ ಯೋಚನೆ. ಈಗ ಓಡಿಹೋಗು ಎಂದು ಮೈಯೆಲ್ಲ ಹೇಳುತ್ತಿತ್ತು. ಪ್ರತಿ ಮೆಟ್ಟಿಲಿಗೂ ಪೆಟ್ಟಿಗೆಯ ಸದ್ದು ಹತ್ತಿರ ಹತ್ತಿರವಾಗುತ್ತಾ ಹೋಗಿ ನಡುಮೆಟ್ಟಿಲಿಗೆ ಬರುವಾಗ ಒಂದೇ ಸಮನೆ ಕಿರುಗುಟ್ಟತೊಡಗಿತು.

ಕೆಳಗೆ ಲಾಂಡ್ರಿಯಮ್ಮ ಬೆನ್ನು ಹಾಕಿಕೊಂಡು ಬಟ್ಟೆ ವಿಂಗಡಿಸುತ್ತಿದ್ದರು. ಅರವತ್ತು ದಾಟಿದ, ದಪ್ಪನೆಯ, ಬಾಯಿ ತುಂಬ ಮಾತಿನ ಹೆಂಗಸು. ಬಾಯ್ಲರಿನ ಮೇಲೆ ಬೆಂಕಿಪೆಟ್ಟಿಗೆ ಇತ್ತು.

"ಅಮ್ಮಾ," ಎಂದಳು ಬಣ್ಣದಕ್ಕ. ದನಿ ನಡುಗದಂತೆ ಹಿಡಿದಿಟ್ಟಳು. "ಬಾಯ್ಲರ್ ಹಚ್ಚಿಲ್ಲ ಅಲ್ವಾ?"

"ಎಲ್ಲಿ ಹಚ್ಚೋದು, ಈ ಬಟ್ಟೆ ರಾಶಿ ನೋಡು. ಎರಡು ದಿನ ಮುಚ್ಚಿಸಿಬಿಟ್ರು. ಇದೇನದು ಸದ್ದು, ಜೀರುಂಡೆ ತಂದಿದ್ದೀಯಾ?"

"ಗ್ಯಾಸ್ ಸೋರಿದೆ ಅಮ್ಮ. ಏನೂ ಮುಟ್ಬೇಡಿ. ಹಾಗೇ ಮೇಲೆ ಬನ್ನಿ."

ಲಾಂಡ್ರಿಯಮ್ಮ ಮೂಗೆಳೆದು ನೋಡಿದರು. "ವಾಸನೆಯೇ ಇಲ್ವಲ್ಲ."

"ವಾಸನೆ ಮಣ್ಣಲ್ಲಿ ಉಳ್ಕೊಂಡಿದೆ, ಗ್ಯಾಸ್ ಮಾತ್ರ ಇಲ್ಲಿ ಬಂದಿದೆ. ಬನ್ನಿ."

"ಬರ್ತೀನಿ ತಾಳು. ಡಾಕ್ಟರ ಕೋಟು ಹನ್ನೊಂದಕ್ಕೆ ಕೊಡಬೇಕು, ಅದನ್ನಾದ್ರೂ..."

"ಡಾಕ್ಟರು ಬರೀ ಬನಿಯನ್ನಲ್ಲೇ ಸೂಜಿ ಚುಚ್ಚಲಿ. ನೀವು ಬನ್ನಿ ಅಂದ್ರೆ ಬನ್ನಿ."

ಆ ಮಾತಿನಲ್ಲಿ ಏನು ಕೇಳಿಸಿತೋ, ಲಾಂಡ್ರಿಯಮ್ಮನ ಮುಖ ಬಿಳಿಚಿತು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡು ಬೇಗ ಬೇಗ ಬಂದರು. ಮೆಟ್ಟಿಲಿನ ಬುಡಕ್ಕೆ ಬಂದು, ನಲವತ್ತು ವರ್ಷದಿಂದ ಆ ಕೋಣೆಯಿಂದ ಹೊರಡುವಾಗಲೆಲ್ಲ ಮಾಡುತ್ತಿದ್ದದ್ದನ್ನೇ ಮಾಡಿದರು. ಲೈಟು ಆರಿಸಲು ಸ್ವಿಚ್ಚಿನ ಕಡೆ ಕೈ ಚಾಚಿದರು.

ಬಣ್ಣದಕ್ಕ ಉಳಿದ ಮೆಟ್ಟಿಲುಗಳನ್ನು ಹೇಗೆ ದಾಟಿದಳೋ ಇವತ್ತಿಗೂ ನೆನಪಿಲ್ಲ. ಆ ಕೈಯ ಮಣಿಕಟ್ಟು ತನ್ನ ಮುಷ್ಟಿಯೊಳಗೆ ಇತ್ತು, ಬೆರಳಿನ ತುದಿಗೂ ಸ್ವಿಚ್ಚಿಗೂ ನಡುವೆ ಒಂದು ಬಟ್ಟೆಯ ಗುಂಡಿಯಷ್ಟು ಜಾಗ ಇತ್ತು. ಆ ಸ್ವಿಚ್ಚಿನೊಳಗೆ ಹಾಕುವಾಗ, ಆರಿಸುವಾಗ ಹಾರುವ ಸಣ್ಣ ಕಿಡಿ ಸಾಕಾಗಿತ್ತು.

"ಹಾಗೇ ಉರೀಲಿ," ಎಂದಳು ಬಣ್ಣದಕ್ಕ. "ಬಿಡಿ, ಹಾಗೇ ಉರೀಲಿ."

ಮೇಲೆ ಹತ್ತುವಾಗ ಆ ಮುದುಕಿ ಆಕೆಯನ್ನು ಹಿಡಿದುಕೊಂಡಿದ್ದರೋ ಆಕೆ ಮುದುಕಿಯನ್ನು ಹಿಡಿದುಕೊಂಡಿದ್ದಳೋ ಹೇಳುವುದು ಕಷ್ಟ. ರಸ್ತೆ ದಾಟಿದ ಮೇಲೂ ಆಕೆ ಮಣಿಕಟ್ಟು ಬಿಟ್ಟಿರಲಿಲ್ಲ. ಲಾಂಡ್ರಿಯಮ್ಮನೇ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಗ್ಯಾಸ್ ಕಂಪನಿಯವರು ಬಂದು ವಾಲ್ವ್ ಮುಚ್ಚಿದರು, ಕಿಟಕಿ ಬಾಗಿಲು ತೆಗೆದು ಗಾಳಿ ಹೊಡೆಸಿದರು. ಲಾಂಡ್ರಿಯ ಮುಂದೆ ನಿನ್ನೆಯ ಹೊಸ ರಸ್ತೆಯನ್ನು ಕೈಯಲ್ಲೇ ಒಡೆದು ನೋಡಿದರೆ ಚರಂಡಿಯ ಕಲ್ಲಿನ ಮೇಲೆ ಹಳದಿ ಪೈಪು ಮಲಗಿತ್ತು. ಬೆನ್ನಿನ ಮೇಲೆ ಮೂರು ಹಲ್ಲಿನ ಗುರುತು. ಎರಡು ಬರೀ ಗೀರು. ಮೂರನೆಯದು ಒಳಗೆ ಹೋಗಿತ್ತು, ಅಕ್ಕಿಕಾಳು ತೂರುವಷ್ಟು ತೂತು. ಬಣ್ಣದಕ್ಕ ತಾನೇ ಟೇಪು ಇಳಿಬಿಟ್ಟಳು. ಮೂವತ್ತನಾಲ್ಕು.

ಎಂಜಿನಿಯರ್ ಬಂದರು. ಚಿಕ್ಕ ವಯಸ್ಸು, ಮುಖ ಸುಣ್ಣದ ಹಾಗಾಗಿತ್ತು. ಕಾಗದ ತೆಗೆದು, ಇದು ಯಾರ ತಪ್ಪು ಎಂದು ಬರೆಯಬೇಕಲ್ಲ ಎಂದರು.

"ಅಂಕಿ ನನ್ನದು ಸಾರ್. ಕೆತ್ತೋ ಮೊದಲು ಅಳೆದಿದ್ದು. ಕೆತ್ತಿದ ಮೇಲೆ ಬಂದು ನೋಡಿಲ್ಲ. ಬರ್ಕೊಳ್ಳಿ."

"ನಡುಗಿದ್ದು ನನಗೆ ಗೊತ್ತಾಗಿತ್ತು ಸಾರ್," ಎಂದ ತಮ್ಮ, ಯಾರೂ ಕೇಳದೆಯೇ. "ನಾನು ನಿಲ್ಲಿಸಲಿಲ್ಲ. ಕಲ್ಲು ಅಂದ್ಕೊಂಡೆ."

ಎಂಜಿನಿಯರ್ ಅದನ್ನೂ ಬರೆದುಕೊಳ್ಳುತ್ತಿದ್ದರು. ಬಣ್ಣದಕ್ಕ ಮಾತ್ರ ತಮ್ಮನ ಕಡೆ ತಿರುಗಿದಳು. "ಈ ರಸ್ತೆಯಲ್ಲಿ ಇನ್ನೆಲ್ಲಾದ್ರೂ ನಡುಗಿತ್ತಾ?"

ಅವನು ಕಿವಿ ಹಿಡಿದುಕೊಂಡ. "ಇನ್ನೂ ಮೂರು ಕಡೆ."

ಎಂಜಿನಿಯರ್ ಪೆನ್ನು ಜೇಬಿಗೆ ಹಾಕಿಕೊಂಡು ಮೊದಲು ಓಡಿದವರಾದರು. ಆ ಮಧ್ಯಾಹ್ನ ಹೇಗೆ ಕಳೆಯಿತು ಎಂದು ಬಿಡಿಸಿ ಹೇಳಿದರೆ ಇನ್ನೊಂದು ಕಥೆಯಾಗುತ್ತದೆ. ಒಂದೊಂದು ಮನೆಯ ಬಾಗಿಲು ಬಡಿದು, ಒಲೆ ಹಚ್ಚಬೇಡಿ, ಆರಿಸಲೂ ಬೇಡಿ, ಹೊರಗೆ ಬನ್ನಿ ಎನ್ನುವಾಗ ಪ್ರತಿ ಸಲವೂ ಆಕೆಗೆ ಆ ನೆಲಮಾಳಿಗೆಯ ಮೆಟ್ಟಿಲು ಮತ್ತೆ ಇಳಿದಂತೆ ಆಗುತ್ತಿತ್ತು. ಎರಡು ಕಡೆ ಸಿಕ್ಕಿದ್ದು ಹಳೆಯ ರಸ್ತೆಯ ದಪ್ಪ ಕಲ್ಲು. ಮೂರನೆಯದು ಶಾಲೆಯ ಗೇಟಿನ ಹತ್ತಿರ. ಅಲ್ಲಿ ಪೈಪೇ ಇತ್ತು, ಅದರ ಮೇಲೆ ಬೆರಳುದ್ದದ ಗೀರು ಇತ್ತು, ತೂತು ಇರಲಿಲ್ಲ. ಗ್ಯಾಸ್ ಕಂಪನಿಯವನು ಆ ಗೀರಿನ ಮೇಲೆ ಉಗುರು ಆಡಿಸಿ, ಕಾಗದದಷ್ಟು ದಪ್ಪ ಉಳಿದಿದೆ ಎಂದ. ಮಕ್ಕಳು ಆಟದ ಬಯಲಿನಲ್ಲಿ ಸಾಲಾಗಿ ನಿಂತು ಇವರನ್ನು ನೋಡುತ್ತಿದ್ದರು. ಬೇಗ ಬಿಟ್ಟರೆಂದು ಅವಕ್ಕೆ ಸಂತೋಷ.

ನಾಲ್ಕು ಗಂಟೆಗೆ ಮೆಷಿನ್ ಆರಿಸಿ ನಿಲ್ಲಿಸಿದ್ದ ಜಾಗದಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಚಕ್ರದ ನೆರಳಿನಲ್ಲಿ ಕೂತು ಅವನು ಊಟದ ಡಬ್ಬಿ ಬಿಚ್ಚಿದ. ಆಕೆಗೆ ಕೊಟ್ಟ, ಆಕೆ ಹಿಡಿದುಕೊಂಡು ಕೂತಳು, ಉಣ್ಣಲಿಲ್ಲ.

"ನೀನು ಹದಿನೆಂಟು ವರ್ಷದಿಂದ ಮೆಷಿನ್ ಓಡಿಸ್ತಿದ್ದೀಯ," ಎಂದಳು. "ಕಲ್ಲಿಗೆ ತಾಗಿದ್ದು ಯಾವುದು, ಪೈಪಿಗೆ ತಾಗಿದ್ದು ಯಾವುದು ಅಂತ ನಿನ್ನ ಕೈಗೆ ಗೊತ್ತಾಗಲ್ವಾ? ಎಂಜಿನಿಯರ್‌ಗೆ ಹೇಳಿದ್ದು ಬೇಡ. ನನಗೆ ನಿಜ ಹೇಳು."

ಅವನು ಬಾಯಲ್ಲಿದ್ದ ತುತ್ತು ನುಂಗಿದ. ಆಮೇಲೆ ನೆಲ ನೋಡುತ್ತಾ ಹೇಳಿದ.

"ಗೊತ್ತಾಯ್ತು. ಕಾಲು ಬ್ರೇಕ್ ಮೇಲೆ ಹೋಗಿತ್ತು. ಅಂಚುಕಲ್ಲಿನ ಮೇಲೆ ನಿನ್ನ ಅಂಕಿ ನೋಡ್ದೆ. ಕಾಲು ತೆಗೆದುಬಿಟ್ಟೆ."

"ಯಾಕೆ?"

"ಮೊದಲನೇ ವಾರ ಹಿಂಗೇ ನಡುಗಿದಾಗ ನಿಲ್ಲಿಸಿದ್ದೆ, ನೆನಪಿದೆಯಾ? ಅಗೆದ್ರೆ ಕಲ್ಲು. ಕಲಸಿದ್ದೆಲ್ಲ ಗಟ್ಟಿಯಾಗಿ ಒಂದು ದಿನದ ಕೆಲಸ ಹಾಳಾಯ್ತು. ನಿನ್ನನ್ನ ಆ ಬಡಾವಣೆಯಿಂದ ಕರೆಸಿದ್ರು. ನನ್ನ ಸ್ವಂತ ತಮ್ಮನಿಗೇ ನನ್ನ ಅಂಕಿ ಮೇಲೆ ನಂಬಿಕೆ ಇಲ್ಲ ಅಂತ ನೀನು ಎಲ್ಲರ ಮುಂದೆ ಅಂದೆ. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ ನೀನು."

ಬಣ್ಣದಕ್ಕನಿಗೆ ನೆನಪಿತ್ತು. ಆ ದಿನ ಗುಂಡಿ ಆಕೆಯ ಕಾಲಬುಡದಲ್ಲೇ ತೆರೆದಿತ್ತು, ಕಲ್ಲಿನ ಕೆಳಗೆ ಪೈಪೂ ಕಾಣುತ್ತಿತ್ತು. ಆ ತುದಿಯಲ್ಲಿ ಫುಟ್‌ಪಾತ್ ಇರಲಿಲ್ಲ, ಅಂಚುಕಲ್ಲೂ ಇರಲಿಲ್ಲ, ಅಂಕಿ ಇದ್ದದ್ದು ಕಾಂಪೌಂಡ್ ಗೋಡೆಯ ಮೇಲೆ, ನೋಡಿದ ಕೂಡಲೇ ತಿಳಿಯುವಂಥದ್ದು ಏನೂ ಇರಲಿಲ್ಲ ನಿಜ. ಆದರೆ ಟೇಪು ಕೈಯಲ್ಲೇ ಇತ್ತು. ಒಂದು ಸಲ ಇಳಿಬಿಟ್ಟಿದ್ದರೆ ಇಪ್ಪತ್ತು ಸೆಂಟಿಮೀಟರ್ ಎಲ್ಲಿ ಹೋಯಿತು ಎಂದು ಅಲ್ಲೇ ಗೊತ್ತಾಗುತ್ತಿತ್ತು. ಆಕೆ ಇಳಿಬಿಟ್ಟಿರಲಿಲ್ಲ. ಕಲ್ಲು ನೋಡಿದ್ದಳು, ತಾನು ಗೆದ್ದೆ ಎಂದುಕೊಂಡಿದ್ದಳು, ತಮ್ಮನ ಕಡೆ ತಿರುಗದೆ ಬಸ್ಸು ಹತ್ತಿದ್ದಳು. ಎರಡು ದಿನ ಮೇಲಿನ ಮನೆಯಲ್ಲಿ ಏನು ಬಿದ್ದರೂ "ಏನಾಯ್ತೋ" ಎಂದು ಕೇಳಿರಲಿಲ್ಲ.

ಲೋಕದಲ್ಲಿರುವುದಕ್ಕೆಲ್ಲ ಹೆದರಿದ್ದಳು ಆಕೆ, ತನಗೆ ಮಾತ್ರ ಹೆದರಿರಲಿಲ್ಲ. ಆ ಭಯ ಈಗ ಬಂತು, ಬಂದು ಎದೆಯ ಮೇಲೆ ಕೂತಿತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇನ್ಮೇಲೆ ನಡುಗಿದ್ರೆ ನಿಲ್ಲಿಸು," ಎಂದಳು. "ಅಂಕಿ ಏನಾದ್ರೂ ಇರ್ಲಿ. ಯಾರು ಏನಾದ್ರೂ ಅನ್ಲಿ."

"ನೀನು ಮಾತು ಬಿಟ್ರೆ?"

ಅವನು ತಮಾಷೆಗೆ ಕೇಳಿರಲಿಲ್ಲ. ನಲವತ್ತೆರಡು ವರ್ಷದ ಗಂಡಸು ಡಬ್ಬಿ ಮುಚ್ಚುತ್ತಾ ನಿಜವಾಗಿಯೇ ಕೇಳಿದ್ದ.

ಆ ದಿನ ಇಬ್ಬರೂ ಬಸ್ಸು ಹತ್ತದೆ ನಡೆದುಕೊಂಡೇ ಮನೆಗೆ ಹೋದರು. ದಾರಿಯುದ್ದಕ್ಕೂ ಬಣ್ಣದಕ್ಕ ಮಾತಾಡಿದಳು. ಈರುಳ್ಳಿ ತೀರಿದೆ ಎಂದಳು, ನೀರಿನ ಟ್ಯಾಂಕು ತೊಳೆಸಬೇಕು ಎಂದಳು, ಅವನ ಹೆಂಡತಿಯ ಸೊಂಟನೋವಿಗೆ ಯಾವ ಎಣ್ಣೆ ಒಳ್ಳೆಯದೆಂದಳು, ಎದುರುಮನೆಯ ನಾಯಿಯ ಬಗ್ಗೆ ಹೇಳಿದಳು, ಹೇಳಿದ್ದನ್ನೇ ಮತ್ತೆ ಹೇಳಿದಳು. ನಡುವೆ ಒಂದು ಕ್ಷಣ ಸುಮ್ಮನಾದರೂ ಅವನು ಏನೆಂದುಕೊಂಡಾನೋ ಎಂದು ಆಕೆಗೆ ಹೆದರಿಕೆಯಾಗುತ್ತಿತ್ತು. ಅವನು ಹೂಂ, ಹೂಂ ಎನ್ನುತ್ತಾ ಪಕ್ಕದಲ್ಲೇ ನಡೆದ.